ಎತ್ತಿ ಕಟ್ಟಿದ ದಾರ

ಬೇಸಿಗೆ ಆಗತಾನೇ ಕಾಲಿಟ್ಟಿತ್ತು. ಮಧ್ಯಾಹ್ನ ಒಂದೂಕಾಲು ಗಂಟೆ. ನಮ್ಮ ವೃದ್ಧರ ಮನೆಯಲ್ಲಿ ಊಟದ ತಟ್ಟೆಗಳನ್ನು ಎತ್ತಿಯಾಗಿತ್ತು, ಕಿಟಕಿಗಳ ಪರದೆ ಎಳೆದಾಗಿತ್ತು. ನಾನು ಗಂಡಸರ ಕೋಣೆಯಲ್ಲಿ ಹಾಸಿಗೆ ಬಟ್ಟೆ ಬದಲಿಸುತ್ತಿದ್ದೆ. ಇದು ಏಳು ವರ್ಷದ ಹಿಂದಿನ ಮಾತು.

ಅಲ್ಲಿ ಪ್ರತಿ ಮಂಚದ ತಲೆಯ ಕಡೆ ಗೋಡೆಯಿಂದ ಒಂದು ಬಿಳಿ ದಾರ ಇಳಿಬಿದ್ದಿರುತ್ತದೆ. ಮಲಗಿದವರು ಅದನ್ನು ಎಳೆದರೆ ಕೆಲಸದವರ ಕೋಣೆಯಲ್ಲಿ ಗಂಟೆ ಹೊಡೆಯುತ್ತದೆ, ಮಂಚದ ನಂಬರಿನ ದೀಪ ಹತ್ತುತ್ತದೆ. ಆ ದಿನ ಚಾದರ ಕೊಡವುವಾಗ ದಾರ ಅದಕ್ಕೆ ಸಿಕ್ಕಿಕೊಂಡಿತು. ಗಂಟೆ ಹೊಡೆಯಿತು. ಆಯಾ ಬಾಯಲ್ಲಿ ತುತ್ತಿಟ್ಟುಕೊಂಡೇ ಓಡಿಬಂದು, “ಏನಜ್ಜಿ, ನಿಮಗೂ ಬೆಡ್‌ಪ್ಯಾನ್ ಬೇಕಾಯ್ತಾ?” ಎಂದು ನಕ್ಕಳು. ಮತ್ತೆ ಸಿಕ್ಕದಿರಲಿ ಎಂದು ನಾನು ದಾರವನ್ನು ಸುತ್ತಿ, ಮೇಲೆ ಪರದೆ ಕಟ್ಟುವ ಕೊಕ್ಕೆಗೆ ಬಿಗಿದೆ. ಹದಿನಾರು ಮಂಚಕ್ಕೂ ಹಾಗೆಯೇ ಮಾಡಿದೆ. ಚಾದರ ಹಾಸಿದ ಮೇಲೆ ಬಿಚ್ಚುವುದನ್ನು ಮರೆತು ಒಗೆಯುವ ಕೋಣೆಗೆ ಹೋದೆ.

ಆ ಮಧ್ಯಾಹ್ನ ಗಂಟೆ ಒಮ್ಮೆಯೂ ಹೊಡೆಯಲಿಲ್ಲ.

ಮೂರಕ್ಕೆ ಮೇಟ್ರನ್ ಎದ್ದು ಬಂದಳು. “ಇವತ್ತು ಯಾರ ಮುಖ ನೋಡಿ ಎದ್ನೋ! ಊಟ ಮಾಡಿ ಕಾಲು ಚಾಚೋಷ್ಟು ಹೊತ್ತು ಸಿಕ್ತು,” ಎಂದಳು. ಆಮೇಲೆ ತಲೆಯೆತ್ತಿ ಕೊಕ್ಕೆಗಳನ್ನು ನೋಡಿದಳು. “ದೊಡ್ಡಮ್ಮ, ನಾಳೆನೂ ಇದನ್ನ ಮಾಡು. ಆ ಕಡೆ ಹೆಂಗಸರದ್ದೂ.”

ಮೇಟ್ರನ್ ನನ್ನ ತೀರಿಹೋದ ತಂಗಿಯ ಮಗಳು. ಒಂಬತ್ತನೆಯ ವಯಸ್ಸಿನಿಂದ ನಾನೇ ಸಾಕಿದೆ. ನಾನು ಓದಿದ್ದು ಎರಡನೇ ಇಯತ್ತೆ. ಅವಳು ಓದಿದಳು, ಈ ಕೆಲಸ ಹಿಡಿದಳು, ನನ್ನನ್ನೂ ಬಟ್ಟೆ ಒಗೆಯಲು ಕರೆಸಿಕೊಂಡಳು. ಹಿತ್ತಲಿನ ಎರಡು ಕೋಣೆಯ ಮನೆಯಲ್ಲಿ ಇಬ್ಬರೂ ಇದ್ದೆವು. ಅವಳು ಕೆಟ್ಟವಳಾಗಿರಲಿಲ್ಲ. ಒಬ್ಬಳೇ ಒಬ್ಬ ಗಂಡಸನ್ನು ಮಂಚದಿಂದ ಎತ್ತಿ ಕುರ್ಚಿಯಲ್ಲಿ ಕೂರಿಸುವಷ್ಟು ಶಕ್ತಿ ಅವಳಿಗೆ. ಆದರೆ ಮೂವತ್ತೆರಡು ಜನಕ್ಕೆ ಇದ್ದ ಆಯಾಗಳು ಇಬ್ಬರು. ಇನ್ನಿಬ್ಬರು ಬೇಕೆಂದು ಅವಳು ಯಜಮಾನರನ್ನು ಎಷ್ಟು ಸಲ ಕೇಳಿದ್ದಳೋ. ದಾರ ಎತ್ತಿ ಕಟ್ಟಿದ ಮೇಲೆ ಕೇಳುವುದನ್ನು ಬಿಟ್ಟಳು.

ಕೆಟ್ಟ ಪದ್ಧತಿಯನ್ನು ಯಾರೋ ಪಾಪಿ ಹುಟ್ಟಿಸಿರಬೇಕು ಎಂದು ನೀವು ಅಂದುಕೊಂಡಿದ್ದರೆ, ಇದನ್ನು ನೋಡಿ. ಇದು ಹುಟ್ಟಿದ್ದು ನನ್ನ ಮರೆವಿನಲ್ಲಿ. ಬೆಳೆದದ್ದು ಎಲ್ಲರ ಅನುಕೂಲದಲ್ಲಿ. ಮೊದಲು ಮಧ್ಯಾಹ್ನ ಮಲಗುವ ಹೊತ್ತಿಗೆ ಮಾತ್ರ. ಆಮೇಲೆ ಬೆಳಗಿನ ಸ್ನಾನದ ಹೊತ್ತಿಗೂ. ಆಮೇಲೆ “ಇವರು ಜಾಸ್ತಿ ಕರೀತಾರೆ” ಎನ್ನಿಸಿಕೊಂಡ ನಾಲ್ಕೈದು ಜನಕ್ಕೆ ಇಡೀ ದಿನ. ಹೊಸ ಆಯಾ ಬಂದರೆ ಸೋಪು ಎಲ್ಲಿದೆ, ಬಕೆಟ್ ಎಲ್ಲಿದೆ ಎಂದು ತೋರಿಸುವ ಜೊತೆಗೆ ದಾರ ಹೇಗೆ ಎತ್ತುವುದೆಂದೂ ತೋರಿಸುತ್ತಿದ್ದರು. “ಒಲೆ ಆರಿಸಿದ್ಯಾ? ದಾರ ಎತ್ತಿದ್ಯಾ?” ಎರಡನ್ನೂ ಒಂದೇ ಉಸಿರಿಗೆ ಕೇಳುವರು.

ಬಟ್ಟೆ ಒಗೆಯುವವಳಿಂದ ಮನೆಯ ಗುಟ್ಟು ಮುಚ್ಚಿಡಲು ಆಗುವುದಿಲ್ಲ. ಮೊದಲೆಲ್ಲ ಮಧ್ಯಾಹ್ನದ ಮೇಲೆ ನನಗೆ ಬರುತ್ತಿದ್ದದ್ದು ಎರಡೋ ಮೂರೋ ಒದ್ದೆ ಚಾದರ. ಆ ಬೇಸಿಗೆಯಿಂದ ಹನ್ನೊಂದು ಹನ್ನೆರಡು. ಒದ್ದೆ ಮಾಡಿದವರಿಗೆ ಬೈಗುಳ ಬೇರೆ. ಬೈಗುಳಕ್ಕೆ ಹೆದರಿ ಕೆಲವರು ಬೆಳಿಗ್ಗೆ ಹತ್ತಾದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟರು. ತುಟಿ ಒಡೆದವು, ಉರಿಮೂತ್ರ ಶುರುವಾಯಿತು. ಡಾಕ್ಟರು ಬಂದು, “ವಯಸ್ಸಾಯ್ತಲ್ಲ,” ಎಂದು ಮಾತ್ರೆ ಬರೆದರು. ನನಗೆ ಕಾರಣ ಗೊತ್ತಿತ್ತು. ನಾನು ಚಾದರ ಒಗೆದು ಒಣಹಾಕಿದೆ.

ವರ್ಷಕ್ಕೊಮ್ಮೆ ತನಿಖೆಯ ಅಧಿಕಾರಿ ಬರುವರು. ಎಂಟು ದಿನ ಮೊದಲೇ ಕಾಗದ ಬರುತ್ತಿತ್ತು. ಹಿಂದಿನ ಸಂಜೆ ನಾನು ಮೂವತ್ತೆರಡು ದಾರಗಳನ್ನೂ ಬಿಚ್ಚಿ, ಸೋಪಿನ ನೀರಲ್ಲಿ ಒರೆಸಿ, ನೆಟ್ಟಗೆ ಇಳಿಬಿಡುತ್ತಿದ್ದೆ. ಹೋದ ವರ್ಷ ಅಧಿಕಾರಿ ನಾಲ್ಕನೇ ನಂಬರಿನ ಮಂಚದ ಹತ್ತಿರ ನಿಂತು, “ಎಲ್ಲಿ ಅಜ್ಜ, ಒಂದ್ಸಲ ಎಳೀರಿ ನೋಡೋಣ,” ಎಂದರು. ಅಜ್ಜ ಎಳೆದರು. ಆಯಾಗಳಿಬ್ಬರೂ ಮೇಟ್ರನ್ನೂ ಒಟ್ಟಿಗೆ ಓಡಿಬಂದು ನಿಂತರು.

“ಪರವಾಗಿಲ್ವೇ! ನಮ್ಮನೇಲಿ ನಾನು ಕೂಗಿದ್ರೆ ಒಬ್ರೂ ಬರಲ್ಲ,” ಎಂದು ಅಧಿಕಾರಿ ನಕ್ಕರು.

“ಹಾಗಾದ್ರೆ ನೀವು ಇಲ್ಲೇ ಇದ್ಬಿಡಿ ಸಾರ್,” ಎಂದರು ಅಜ್ಜ. “ನೀವಿರೋವರೆಗೂ ಇವರು ಓಡಿ ಬರ್ತಾರೆ.”

ಮುದುಕರ ತಮಾಷೆ ಎಂದು ಎಲ್ಲರೂ ನಕ್ಕರು. ಅಧಿಕಾರಿ ಕಾಗದದ ಮೇಲೆ ಗುರುತು ಹಾಕಿಕೊಂಡು ಹೋದರು. ಕಾರು ತಿರುವು ದಾಟುವಷ್ಟರಲ್ಲಿ ನಾನು ಸ್ಟೂಲು ಎಳೆದುಕೊಂಡು ಮೊದಲನೇ ಮಂಚದಿಂದ ಶುರು ಮಾಡಿದ್ದೆ.

ಆ ಅಜ್ಜನನ್ನು ನಾವು ಟೈಲರ್ ಎನ್ನುತ್ತಿದ್ದೆವು. ನಲವತ್ತು ವರ್ಷ ಅಂಗಿ ಹೊಲಿದವರು. ಲಕ್ವ ಹೊಡೆದು ಬಲಗಾಲು ಸ್ವಾಧೀನದಲ್ಲಿರಲಿಲ್ಲ, ನಾಲಿಗೆ ಮಾತ್ರ ಕತ್ತರಿ. ನನ್ನನ್ನು ‘ಸೊಸೆ’ ಎಂದು ಕರೆಯುವರು. “ನಿಮಗಿಂತ ಎರಡೇ ವರ್ಷ ಚಿಕ್ಕವಳು, ಸೊಸೆ ಹೇಗಾಗ್ತೀನಿ?” ಎಂದರೆ, “ಮಾವನನ್ನ ಹೀಗೆ ಕಟ್ಟಿಹಾಕೋದು ಸೊಸೆ ಅಲ್ದೆ ಇನ್ಯಾರು?” ಎನ್ನುವರು.

ಒಮ್ಮೆ ಅವರು ಭಾನುವಾರ ಬರುವ ಮಗಳಿಗೆ ಹೇಳಿದರು. ಮಗಳು ಮೇಟ್ರನ್ನನ್ನು ಕೇಳಿದಳು.

“ನಿಮ್ಮಪ್ಪನಿಗೆ ಅದೊಂದು ಚಟ ಕಣಮ್ಮ,” ಎಂದಳು ಮೇಟ್ರನ್. “ನಿಮಿಷಕ್ಕೊಂದು ಸಲ ಎಳೀತಾರೆ. ಮಗು ಅಳ್ತು ಅಂತ ಎತ್ಕೊಳ್ತಾನೇ ಇದ್ರೆ ಕೆಳಗಿಳಿಯುತ್ತಾ? ಇಷ್ಟ ಇಲ್ದಿದ್ರೆ ಬೇರೆ ಕಡೆ ನೋಡ್ಕೊಳ್ಳಿ.”

ಮಗಳು ಅಪ್ಪನ ಬಳಿ ಹೋಗಿ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. “ಸುಮ್ನಿರಪ್ಪ, ಅವರಿಗೆ ತೊಂದರೆ ಕೊಡಬೇಡ. ಕಳಿಸಿಬಿಟ್ರೆ ನಿನ್ನ ಎಲ್ಲಿ ಇಟ್ಕೊಳ್ಲಿ?”

ಆಮೇಲೆ ಅವರು ಮಗಳ ಮುಂದೆ ಬಾಯಿಬಿಡಲಿಲ್ಲ.

ಹೊಸ ನರ್ಸ್ ಬಂದದ್ದು ಈ ವರ್ಷ. ಮೂವತ್ತು ದಾಟಿರದ ಹೆಣ್ಣುಮಗಳು, ಸಣ್ಣ ದನಿ. ಮೊದಲನೇ ದಿನವೇ ಒಂದೂವರೆ ಗಂಟೆಗೆ ಗಂಡಸರ ಕೋಣೆಯ ಬಾಗಿಲು ತೆಗೆದು ಒಳಗೆ ಹೋದಳು. ಹೊರಗೆ ಬಂದವಳು ನೇರ ಕೆಲಸದವರ ಕೋಣೆಗೆ ಬಂದಳು. ನಾವೆಲ್ಲ ಊಟಕ್ಕೆ ಕೂತಿದ್ದೆವು.

“ದಾರಗಳೆಲ್ಲ ಯಾಕೆ ಮೇಲಿವೆ?”

“ಈಗ ಮಲಗೋ ಹೊತ್ತು,” ಎಂದಳು ಆಯಾ.

“ಅವರು ಮಲಗಿಲ್ಲ. ಹದಿನಾರು ಜನರಲ್ಲಿ ಹನ್ನೊಂದು ಜನ ಕಣ್ಣು ಬಿಟ್ಕೊಂಡು ಬಿದ್ದಿದ್ದಾರೆ.”

ಮೇಟ್ರನ್ ತಟ್ಟೆಯಿಂದ ತಲೆ ಎತ್ತಲಿಲ್ಲ. “ನೋಡಮ್ಮ, ನೀನು ಬಂದು ಆರು ಗಂಟೆ ಆಗಿದೆ. ಈ ಮನೇಲಿ ಏಳು ವರ್ಷದಿಂದ ಹೀಗೇ ನಡ್ಕೊಂಡು ಬಂದಿದೆ. ದಾರ ಕೈಗೆ ಕೊಟ್ರೆ ಸುಮ್ಸುಮ್ನೆ ಎಳೀತಾರೆ.”

“ಸುಮ್ಸುಮ್ನೆ ಅಂತ ಯಾರಾದ್ರೂ ಬರೆದಿಟ್ಟಿದ್ದೀರಾ?”

“ಏನು, ಅದನ್ನ ಬೇರೆ ಬರೀಬೇಕಾ? ಅನ್ನ ಬೆಂದಿದೆಯಾ ಅಂತ ನೋಡೋಕೆ ಪಾತ್ರೇಲಿರೋ ಅಗುಳೆಲ್ಲ ಹಿಸುಕ್ತಾರಾ?”

ಆಯಾಗಳು ನಕ್ಕರು. ನರ್ಸ್ ಮರುದಿನ ಗಂಡಸರ ಕಡೆಯ ದಾರಗಳನ್ನು ತಾನೇ ಬಿಚ್ಚಿದಳು. ಬೆಳಗಿನಿಂದ ಸಂಜೆಯವರೆಗೆ ಪ್ರತಿ ಕರೆಗೂ ಹೋಗಿ, ಯಾಕೆ ಕರೆದರೆಂದು ಒಂದು ಹಾಳೆಯಲ್ಲಿ ಬರೆದಳು. ಯಜಮಾನರು ಬಂದಾಗ ಅದನ್ನು ಓದಿ ಹೇಳಿದಳು. ಕರೆದದ್ದು ಒಟ್ಟು ಮೂವತ್ತೊಂದು ಸಲ. ಹತ್ತೊಂಬತ್ತು ಸಲ ಕಕ್ಕಸಿಗೆ. ಆರು ಸಲ ನೀರಿಗೆ. ಮಗ್ಗುಲು ತಿರುಗಿಸಲು ನಾಲ್ಕು. ಒಂದು ಎದೆನೋವು.

“ಇನ್ನೊಂದು?” ಎಂದರು ಯಜಮಾನರು.

“ಕರೆದ್ರೆ ಬರ್ತಾರಾ ಅಂತ ನೋಡೋಕೆ ಸಾರ್. ನಾಲ್ಕನೇ ನಂಬರ್.”

“ನೋಡಿದ್ರಾ!” ಎಂದಳು ಮೇಟ್ರನ್. “ನಾನು ಹೇಳ್ಲಿಲ್ವಾ?”

ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. “ನೀನು ಕಲಿತವಳು, ಸರಿ. ಆದ್ರೆ ಮನೆ ಅಂದ್ಮೇಲೆ ಒಂದು ಪದ್ಧತಿ ಅಂತ ಇರುತ್ತೆ. ಏಳು ವರ್ಷದಲ್ಲಿ ಏನಾದ್ರೂ ಆಗಿದೆಯಾ? ಒಬ್ರಾದ್ರೂ ದೂರು ಕೊಟ್ಟಿದ್ದಾರಾ?”

“ದೂರು ಕೊಡೋಕೆ ಮೊದಲು ಯಾರಾದ್ರೂ ಹತ್ತಿರ ಬರಬೇಕಲ್ಲ ಸಾರ್. ಬರೋ ಹಾಗೆ ಮಾಡೋದೇ ಆ ದಾರ.”

“ಬಾಯಿ ಜೋರಿದೆ,” ಎಂದರು ಯಜಮಾನರು, ಮೇಟ್ರನ್ ಕಡೆ ತಿರುಗಿ. ಅಷ್ಟೇ. ಕಟ್ಟಬೇಡಿ ಎನ್ನಲಿಲ್ಲ. ಕಟ್ಟಿ ಎಂದೂ ಎನ್ನಲಿಲ್ಲ. ದೊಡ್ಡವರು ಅಪರಾಧದಲ್ಲಿ ಪಾಲು ತೆಗೆದುಕೊಳ್ಳುವ ರೀತಿ ಅದು.

ನರ್ಸ್ ಎರಡೂ ಕಡೆಯ ದಾರಗಳನ್ನು ಕೆಳಗೇ ಬಿಟ್ಟಳು. ಅಂದಿನಿಂದ ಆ ಹುಡುಗಿಗೆ ಆ ಮನೆ ಮುಳ್ಳಿನ ಹಾಸಿಗೆಯಾಯಿತು. ಅವಳು ಬಂದರೆ ಮಾತು ನಿಲ್ಲುತ್ತಿತ್ತು. ಅವಳ ಪಾಲಿನ ಚಹಾ ಆರಿ ತಣ್ಣಗಾಗುವವರೆಗೆ ಯಾರೂ ಕರೆಯುತ್ತಿರಲಿಲ್ಲ. ದೀಪ ಹತ್ತಿದರೆ ಆಯಾಗಳು ಕೂತಲ್ಲಿಂದಲೇ, “ನೀವೇ ಬಿಚ್ಚಿದ್ದು, ನೀವೇ ಓಡಿ ತಾಯಿ,” ಎನ್ನುವರು. ಅವಳು ಓಡುತ್ತಿದ್ದಳು. ಹದಿನೈದು ದಿನಕ್ಕೆ ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತು. ಅದೇ ಹದಿನೈದು ದಿನದಲ್ಲಿ ಮಧ್ಯಾಹ್ನದ ಒದ್ದೆ ಚಾದರ ನಾಲ್ಕಕ್ಕೆ ಇಳಿಯಿತು. ಅದು ನನಗೊಬ್ಬಳಿಗೇ ಗೊತ್ತಿತ್ತು. ಹೇಳಿದ್ದರೆ ಅವಳ ಮಾತಿಗೆ ಒಂದು ಊರುಗೋಲಾಗುತ್ತಿತ್ತು. ಹೇಳಲಿಲ್ಲ. ಸಾಕಿದ ಮಗಳ ಎದುರು ಪಕ್ಷ ಹಿಡಿಯುವುದು ಹೇಗೆಂದು ಸುಮ್ಮನಿದ್ದೆ.

ಒಂದು ಮಂಗಳವಾರ ಮೇಟ್ರನ್ ಒಗೆಯುವ ಕೋಣೆಗೇ ಬಂದಳು. “ದೊಡ್ಡಮ್ಮ, ಇವತ್ತು ಅವಳು ಮೂರರವರೆಗೂ ಹೆಂಗಸರ ಕಡೆ ಗಾಯಕ್ಕೆ ಪಟ್ಟಿ ಕಟ್ತಾಳೆ. ಗಂಡಸರದ್ದು ಎತ್ತಿ ಕಟ್ಬಿಡು. ಹುಡುಗೀರು ಸತ್ತೇ ಹೋಗ್ತಿದ್ದಾರೆ, ಒಂದು ದಿನ ಸುಧಾರಿಸ್ಕೊಳ್ಲಿ.”

ನಾನು ಹೋಗಿ ಕಟ್ಟಿದೆ. ನಾಲ್ಕನೇ ಮಂಚಕ್ಕೆ ಬಂದಾಗ ಟೈಲರ್ ನನ್ನ ಸೀರೆಯ ಸೆರಗು ಹಿಡಿದರು.

“ಇವತ್ತು ಬೇಡ ಸೊಸೆ. ಹೊಟ್ಟೆ ಸರಿಯಿಲ್ಲ. ಬೆಳಿಗ್ಗೆಯಿಂದ ಎರಡು ಸಲ ಹೋಗಿದ್ದೀನಿ.”

“ಮೂರಕ್ಕೆ ಬಂದು ಬಿಚ್ತೀನಿ.”

“ಹೊಟ್ಟೆಗೆ ಗಡಿಯಾರ ಕಟ್ಟಿದ್ದೀಯಾ? ಮಾನ ಹೋಗುತ್ತೆ ಕಣಮ್ಮ. ಒಂದೇ ಒಂದು ಬಿಟ್ಟಿರು. ನಿನಗೆ ಕೈ ಮುಗೀತೀನಿ.”

ಅವರು ತಮಾಷೆಯಿಲ್ಲದೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಬಾಗಿಲಲ್ಲಿ ಮೇಟ್ರನ್ ನಿಂತಿದ್ದಳು. ನಾನು ಸೆರಗು ಬಿಡಿಸಿಕೊಂಡು ದಾರ ಎತ್ತಿ ಕಟ್ಟಿದೆ. ಬಾಗಿಲು ಎಳೆದುಕೊಂಡು ಬಂದೆವು.

ಎರಡು ಗಂಟೆ ದಾಟಿರಬೇಕು. ಒಗೆಯುವ ಯಂತ್ರ ನಿಂತಾಗ ಎಲ್ಲೋ ಟಣ್ ಟಣ್ ಎಂದು ಬಡಿಯುವ ಸದ್ದು ಕೇಳಿತು. ಆಚೆ ರಸ್ತೆಯಲ್ಲಿ ಯಾರೋ ತಗಡು ಬಡಿಯುತ್ತಿದ್ದಾರೆ ಎಂದುಕೊಂಡೆ. ಕೆಲಸದವರ ಕೋಣೆಯಲ್ಲೂ ಹಾಗೇ ಅಂದುಕೊಂಡರಂತೆ. ಮತ್ತೆ ಯಂತ್ರ ತುಂಬಿಸಿದೆ. ಇಸ್ತ್ರಿಯಾದ ಚಾದರಗಳನ್ನು ಹೊತ್ತುಕೊಂಡು ಹೋಗಿ ಬಾಗಿಲು ತೆಗೆದದ್ದು ಮೂರಕ್ಕೆ ಇಪ್ಪತ್ತು ನಿಮಿಷವಿರುವಾಗ.

ಬಡಿಯುತ್ತಿದ್ದವರು ಐದನೇ ಮಂಚದವರು. ಅವರಿಗೆ ಮಾತು ಬಿದ್ದುಹೋಗಿದೆ. ಸ್ಟೀಲಿನ ಲೋಟದಿಂದ ಮಂಚದ ಕಂಬಿಗೆ ಬಡಿದು ಬಡಿದು ಲೋಟದ ಅಂಚು ಒಳಕ್ಕೆ ಮಡಚಿಹೋಗಿತ್ತು. ನನ್ನನ್ನು ನೋಡಿದರೂ ನಿಲ್ಲಿಸಲಿಲ್ಲ. ಟೈಲರ್ ಮಂಚಕ್ಕೂ ಗೋಡೆಗೂ ನಡುವೆ ನೆಲದ ಮೇಲಿದ್ದರು. ಮಂಚದ ತಲೆಹಲಗೆ ಹಿಡಿದು, ಒಂದು ಕಾಲಿನ ಮೇಲೆ ಹಾಸಿಗೆಯಲ್ಲಿ ನಿಂತು, ದಾರಕ್ಕೆ ಕೈ ಚಾಚಿದ್ದರು. ಅದನ್ನು ಊಹಿಸಿ ಹೇಳುತ್ತಿಲ್ಲ. ಉಳಿದ ಹದಿನೈದು ಜನ ನೋಡಿದ್ದಾರೆ. ನೋಡುತ್ತ, ಇದ್ದಷ್ಟು ದನಿಯಲ್ಲಿ ಕೂಗುತ್ತ ಮಲಗಿದ್ದರು. ಬಿದ್ದ ಮೇಲೂ ಅವರು ಬಹಳ ಹೊತ್ತು ಉಸಿರಾಡುತ್ತಿದ್ದರಂತೆ.

ಕಿರುಚಿದೆನೋ ಏನೋ, ಎಲ್ಲರೂ ಬಂದರು. ಮೇಟ್ರನ್ ಮಂಡಿಯೂರಿ ಅವರ ನಾಡಿ ನೋಡಿದಳು, ಕತ್ತು ಮುಟ್ಟಿದಳು. ಎದ್ದವಳು ಯಾರ ಮುಖವನ್ನೂ ನೋಡದೆ ಮಂಚ ಹತ್ತಿ ದಾರ ಬಿಚ್ಚಿ ಕೆಳಗೆ ಬಿಟ್ಟಳು. ನಾಡಿ ಬಿಟ್ಟ ಕೈ ಮೊದಲು ಹೋದದ್ದು ಅಲ್ಲಿಗೆ. ಆಮೇಲೆ, “ಡಾಕ್ಟರಿಗೆ ಫೋನ್ ಮಾಡಿ,” ಎಂದಳು.

ಬುಧವಾರ ಸಂಜೆ ಹಿತ್ತಲಿನ ಮನೆಯಲ್ಲಿ ಅವಳು ಒಂದು ಕಾಗದ ತಂದು ನನ್ನ ಮುಂದಿಟ್ಟಳು.

“ಇಲ್ಲಿ ಸಹಿ ಹಾಕು ದೊಡ್ಡಮ್ಮ. ನಾಳೆ ವಿಚಾರಣೆಗೆ ಬರ್ತಾರೆ.”

“ಓದಿ ಹೇಳು.”

“ಏನಿಲ್ಲ, ನಡೆದದ್ದೇ.”

“ನಡೆದದ್ದಾದ್ರೆ ಓದು.”

ಓದಿದಳು. ನಾಲ್ಕನೇ ನಂಬರಿನ ದಾರ ಕೈಗೆ ಸಿಗುವಂತೆಯೇ ಇತ್ತು. ಅವರು ಎಳೆಯಲಿಲ್ಲ. ಆ ಹೊತ್ತಿನಲ್ಲಿ ನೋಡಿಕೊಳ್ಳಬೇಕಾದ ನರ್ಸ್ ಆ ಕಡೆ ಬರಲೇ ಇಲ್ಲ. ಇದನ್ನೆಲ್ಲ ನಾನು ಕಣ್ಣಾರೆ ಕಂಡಿದ್ದೇನೆ.

“ಆ ಹುಡುಗಿ ತಲೆಗೆ ಕಟ್ತಿದ್ದೀಯಾ?”

“ಅವಳಿಗೆ ಗಂಡನ ಮನೆ ಇದೆ, ತವರಿದೆ. ನಮಗೆ ಏನಿದೆ? ಈ ಸೂರು ಹೋದ್ರೆ ನಿನ್ನ ನಾನು ಎಲ್ಲಿ ಕೂರಿಸ್ಲಿ?” ದನಿ ಏರಿತು. “ಕಟ್ಟಿದವಳು ನೀನು! ಮೊದಲ ದಿನ ಕಟ್ಟಿದವಳೂ ನೀನೇ. ನಿನ್ನ ಉಳಿಸೋಕೇ ಇದನ್ನ ಬರೆದಿರೋದು.”

“ನನ್ನ ಉಳಿಸಬೇಡ.”

“ಅಂದ್ರೆ?”

“ಸಹಿ ಹಾಕಲ್ಲ.”

ಅವಳು ಕಾಗದ ಮಡಚಿಕೊಂಡಳು. “ಉಪ್ಪು ತಿಂದ ಮನೆ ಅಂತನೂ ಇಲ್ಲ, ಮಗಳು ಅಂತನೂ ಇಲ್ಲ. ಸಾಯೋ ವಯಸ್ಸಲ್ಲಿ ನಿನಗೆ ಸತ್ಯ ನೆನಪಾಯ್ತಾ?”

“ಹೌದು ಕಣೇ. ತಡವಾಗಿ ನೆನಪಾಯ್ತು. ಅದಕ್ಕೇ ಒಬ್ಬರು ಹೋದ್ರು.”

ಅಂದು ಅವಳು ತನ್ನೊಬ್ಬಳಿಗೇ ಅಡಿಗೆ ಮಾಡಿಕೊಂಡಳು.

ಗುರುವಾರ ಬೆಳಿಗ್ಗೆ ಒಗೆಯುವ ಕೋಣೆಯ ಬಾಗಿಲಿಗೆ ಬೀಗ ಹಾಕಿತ್ತು. ಆಯಾ ನನ್ನನ್ನು ದಾಟಿಹೋಗುತ್ತ, “ಅನ್ನ ಹಾಕಿದ ಕೈ ಕಚ್ಚೋ ಜಾತಿ,” ಎಂದು ಗೋಡೆಗೆ ಹೇಳಿದಳು. ನರ್ಸ್ ಒಂದು ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದಳು. ಬಂದವರು ಹೋದ ವರ್ಷ ನಕ್ಕಿದ್ದ ಅದೇ ಅಧಿಕಾರಿ. ಟೈಲರ್ ಮಗಳೂ ಬಂದಿದ್ದಳು. ಯಜಮಾನರು ನರ್ಸ್ ಹೆಸರನ್ನು ಎರಡು ಸಲ ಹೇಳಿಯಾಗಿತ್ತು. ಯಾರೂ ಕರೆಯದೆಯೇ ನಾನು ವಿಚಾರಣೆಯ ಕೋಣೆಯೊಳಗೆ ಹೋದೆ.

“ದಾರ ಮೇಲಿತ್ತು ಸಾರ್. ಕಟ್ಟಿದ್ದು ನಾನು.”

“ಮುದುಕಿಗೆ ಆಘಾತ ಆಗಿದೆ,” ಎಂದರು ಯಜಮಾನರು. “ಏನೇನೋ ಹೇಳ್ತಿದ್ದಾಳೆ.”

“ಕಟ್ಟು ಅಂತ ಯಾರು ಹೇಳಿದ್ರು?” ಎಂದರು ಅಧಿಕಾರಿ.

“ಮೊದಲ ದಿನ ಯಾರೂ ಹೇಳ್ಲಿಲ್ಲ, ನಾನೇ ಕಟ್ಟಿದೆ. ಆಮೇಲೆ ಏಳು ವರ್ಷ ಎಲ್ಲರೂ ಹೇಳಿದ್ರು.”

“ಏಳು ವರ್ಷ? ನಾನು ಪ್ರತಿ ವರ್ಷ ಬಂದಿದ್ದೀನಲ್ಲಮ್ಮ. ಎಲ್ಲ ಸರಿಯಾಗೇ ಇತ್ತಲ್ಲ?”

“ನೀವು ಬರೋದು ಎಂಟು ದಿನ ಮೊದಲೇ ಗೊತ್ತಿರ್ತಿತ್ತಲ್ಲ ಸಾರ್.”

ಅವರ ಮುಖ ಕೆಂಪಾಯಿತು. ನಂಬದಿದ್ದರೆ ಕೊಕ್ಕೆಗಳನ್ನು ನೋಡಿ ಎಂದೆ. ನೋಡಲು ಹೋದರು. ಆ ಕೊಕ್ಕೆಗಳಿಗೆ ಹಸಿರು ಬಣ್ಣ ಬಳಿದಿದೆ. ಪರದೆ ಕಟ್ಟುವ ಕಡೆ ಬಣ್ಣ ಹಾಗೇ ಇದೆ. ದಾರ ಉಜ್ಜಿದ ಕಡೆ ಮಾತ್ರ ಬಣ್ಣ ಸವೆದು ಕಬ್ಬಿಣ ಹೊಳೆಯುತ್ತಿತ್ತು. ಮೂವತ್ತೆರಡಕ್ಕೂ ಒಂದೇ ಜಾಗದಲ್ಲಿ. ಅಧಿಕಾರಿ ಐದನೇ ಮಂಚದವರನ್ನು ಕೇಳಿದರು, “ದಾರ ಎಲ್ಲಿತ್ತು ಅಜ್ಜ?” ಅವರು ಮಡಚಿಹೋದ ಲೋಟವನ್ನು ಎತ್ತಿ ಮೇಲಕ್ಕೆ ತೋರಿಸಿದರು. ಆರನೆಯವರು ತೋರಿಸಿದರು. ಏಳನೆಯವರು, “ಅಲ್ಲೇ ಸ್ವಾಮಿ, ಏಳು ವರ್ಷದಿಂದ,” ಎಂದರು.

ಟೈಲರ್ ಮಗಳು ಮೂರನೇ ಮಂಚದವರನ್ನು ಏನೋ ಕೇಳಿ, ನನ್ನ ಹತ್ತಿರ ಬಂದಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ.

“ನಮ್ಮಪ್ಪ ನಿಮ್ಮನ್ನ ಬೇಡ್ಕೊಂಡ್ರಾ?”

“ಬೇಡ್ಕೊಂಡ್ರು.”

“ಆದ್ರೂ ಕಟ್ಟಿದ್ರಾ?”

“ಕಟ್ಟಿದೆ ತಾಯಿ.”

“ನಾನೂ ಸುಮ್ನಿರು ಅಂತಲೇ ಹೇಳಿದ್ದೆ,” ಎಂದಳು. “ಆದ್ರೆ ನೀವು ಇಲ್ಲಿರಬಾರದು. ಇನ್ನೊಬ್ಬರ ಅಪ್ಪನ ಹತ್ತಿರ ನೀವು ಹೋಗಬಾರದು.”

ಅವಳು ಹೇಳಿದ್ದು ನ್ಯಾಯ.

ಇದನ್ನು ಕೇಳುತ್ತಿರುವ ನಿಮ್ಮಲ್ಲಿ ಇಂಥ ಮನೆಯಲ್ಲಿ ತಾಯಿಯನ್ನೋ ಮಾವನನ್ನೋ ಬಿಟ್ಟಿರುವವರು ಇರಬಹುದು. ಭಾನುವಾರ ಹಣ್ಣು ತೆಗೆದುಕೊಂಡು ಹೋಗುವವರೇ, ಒಂದು ಸಲ ಮಂಗಳವಾರ ಮಧ್ಯಾಹ್ನ ಹೋಗಿ. ಹೇಳದೆ ಹೋಗಿ. ನಿಮ್ಮವರು “ಕರೆದರೆ ಬರುವುದಿಲ್ಲ” ಎಂದರೆ ಚಟ ಎನ್ನಬೇಡಿ. ಅಂಥ ಮನೆ ನಡೆಸುವವರೇ, ಇಬ್ಬರ ಕೈಲಿ ನಾಲ್ವರ ಕೆಲಸ ಮಾಡಿಸಿದರೆ ಉಳಿದ ಕೆಲಸ ಯಾರ ಮೈಮೇಲೆ ಬೀಳುತ್ತದೆಂದು ನೋಡಿ. ಕೆಲಸ ಮಾಡುವವರೇ, ನಿಮಗೆ ದಣಿವಾಗುವುದು ನನಗೆ ಗೊತ್ತು. ಯಜಮಾನರ ಬಾಗಿಲು ಬಡಿಯಿರಿ. ಮಲಗಿದವರ ಬಾಯಿ ಕಟ್ಟಬೇಡಿ.

ಯಜಮಾನರು ಎಲ್ಲಿಗೂ ಹೋಗಲಿಲ್ಲ, ಅಂಥವರು ಹೋಗುವುದಿಲ್ಲ. ಆದರೆ ಅಧಿಕಾರಿ ಬರೆದುಕೊಟ್ಟ ಆದೇಶದ ಪ್ರಕಾರ ಇನ್ನು ಮೂವರು ಆಯಾಗಳನ್ನು ತೆಗೆದುಕೊಳ್ಳಬೇಕಾಯಿತು. ತನಿಖೆಗೆ ಮೊದಲೇ ಕಾಗದ ಕಳಿಸುವುದು ನಿಂತಿತು. ನರ್ಸ್ ಕೆಲಸದಲ್ಲೇ ಉಳಿದಳು. “ಅಜ್ಜಿ, ನೀವು ಒಗೆಯೋ ಕೋಣೆಯಲ್ಲೇ ಇರಬಹುದು, ನಾನು ಕೇಳ್ತೀನಿ,” ಎಂದಳು. ಬೇಡ ಎಂದೆ.

ಕೆಲಸ ಕಳೆದುಕೊಂಡ ಮೇಟ್ರನ್ ಶನಿವಾರ ಬೆಳಿಗ್ಗೆ ಎರಡು ಪೆಟ್ಟಿಗೆ ಕಟ್ಟಿಕೊಂಡಳು. ನಾನು ಒಂದನ್ನು ಹಿಡಿದುಕೊಳ್ಳಲು ಹೋದರೆ ಕೈ ತಳ್ಳಿದಳು. ಎಲ್ಲಿಗೆ ಎಂದು ಕೇಳಿದೆ. “ನಿನಗ್ಯಾಕೆ?” ಎಂದಳು. ಗೇಟಿನವರೆಗೂ ಹಿಂದೆ ಹೋದೆ. ತಿರುಗಿ ನೋಡಲಿಲ್ಲ.

ಸೋಮವಾರ, ಮಧ್ಯಾಹ್ನದ ಊಟಕ್ಕೆ ಮೊದಲೇ, ನಾನೂ ಆ ಮನೆ ಬಿಟ್ಟು ಹೊರಟೆ.